ಸ್ಪೀಕರ್ ತಂದಿರಿ, ಕೋಣೆ ಎಲ್ಲಿ?

ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ, ಅಂಗಡಿಯ ತಣ್ಣನೆಯ ಕೋಣೆಯಲ್ಲಿ ಕೂತು ಕೇಳಿ, ಮೆಚ್ಚಿ, ಎದೆಮಟ್ಟದ ಎರಡು ಟವರ್ ಸ್ಪೀಕರ್ ಹೇರಿಕೊಂಡು ಸುರಪುರಕ್ಕೆ ಬಂದಿದ್ದೀರಿ. ಸಂತೋಷ. ಹತ್ತಿ, ಭತ್ತ ಕೈಹಿಡಿದ ವರ್ಷ ಒಬ್ಬರು ಬಂಗಾರ ಕೊಳ್ಳುತ್ತಾರೆ, ಒಬ್ಬರು ಬುಲೆಟ್ ಗಾಡಿ ಕೊಳ್ಳುತ್ತಾರೆ, ನೀವು ಸಂಗೀತಕ್ಕೆ ಖರ್ಚು ಮಾಡಿದಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮನೆಗೆ ತಂದು ವಾರ ಕಳೆಯುವುದರೊಳಗೆ "ಅಲ್ಲಿ ಕೇಳಿದ್ದೇ ಬೇರೆ, ಇಲ್ಲಿ ಬರುತ್ತಿರುವುದೇ ಬೇರೆ, ಅಂಗಡಿಯವನು ಮೋಸ ಮಾಡಿದ" ಎಂದು ಗೊಣಗಲು ಶುರು ಮಾಡುತ್ತೀರಲ್ಲ, ಅದಕ್ಕೇ ಈ ಮಾತು. ಸುರಪುರ, ರಂಗಂಪೇಟೆ, ಶಹಾಪುರ, ಯಾದಗಿರಿ, ಎಲ್ಲೇ ಇಂಥ ಸ್ಪೀಕರ್ ಇಟ್ಟವರ ಮನೆಗೆ ಹೋದರೂ ದೂರು ಒಂದೇ. ಬೇಸ್ ಗುಂಯ್‌ಗುಡುತ್ತದೆ, ಮಾತು ಸ್ಪಷ್ಟವಿಲ್ಲ, ಅರ್ಧ ಗಂಟೆಗೆ ತಲೆ ನೋಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜ್ವರ ಇರುವುದು ನಿಮ್ಮ ಕೋಣೆಗೆ. ಬೈಸಿಕೊಳ್ಳುತ್ತಿರುವುದು ಸ್ಪೀಕರ್.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಮಣ್ಣಿನ ಮಾಳಿಗೆ, ಮರದ ತೊಲೆ, ಜಂತಿ, ದಪ್ಪ ಗೋಡೆಯಲ್ಲಿ ಅಲ್ಲಲ್ಲಿ ಮಾಡಗಳು, ಪಡಸಾಲೆಗೆ ಕಂಬ. ಅಂಥ ಮನೆಯಲ್ಲಿ ಸದ್ದು ಒಂದಿಷ್ಟು ಮಣ್ಣು ಮರದಲ್ಲಿ ಇಂಗುತ್ತಿತ್ತು, ಉಳಿದದ್ದು ಮಾಡಕ್ಕೆ ಕಂಬಕ್ಕೆ ತಾಗಿ ಚದುರುತ್ತಿತ್ತು. ಈಗ ನೀವು ಕಟ್ಟಿಸಿದ್ದು ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್ ಇಲ್ಲವೇ ಶಹಾಬಾದ್ ಫರಸಿ, ಸುತ್ತ ನುಣ್ಣನೆಯ ಗೋಡೆ, ಒಂದು ಬದಿಗೆ ಅಗಲವಾದ ಗಾಜಿನ ಕಿಟಕಿ. ಸದ್ದಿಗೆ ಇಂಗಲು ಬೊಗಸೆಯಷ್ಟೂ ಜಾಗವಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆ ಝರ್ರ್ ಎಂದು ಬಾಲ ಬಂದರೆ, ಮಲ್ಲಿಕಾರ್ಜುನ ಮನ್ಸೂರರ ಪ್ರತಿಯೊಂದು ತಾನಿಗೂ ಅದೇ ಬಾಲ ಅಂಟಿಕೊಳ್ಳುತ್ತದೆ. ಎಷ್ಟು ಲಕ್ಷದ ಸ್ಪೀಕರ್ ತಂದರೂ ಆ ಬಾಲವನ್ನು ಕತ್ತರಿಸುವ ಶಕ್ತಿ ಅದಕ್ಕಿಲ್ಲ.

ಇದಕ್ಕೆ ಮದ್ದು ದೂರ ಹುಡುಕಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂದು ಆನ್‌ಲೈನಿನಲ್ಲಿ ಸ್ಪಂಜಿನ ಹಲಗೆ ತರಿಸುವವರನ್ನು ಕಂಡಿದ್ದೇನೆ. ಅವರದೇ ಅಟ್ಟದ ಮೇಲೆ ಅಜ್ಜಿ ಹೊಲಿದ ಕೌದಿಗಳು ಗಂಟು ಕಟ್ಟಿ ಬಿದ್ದಿರುತ್ತವೆ! ಕೌದಿಯನ್ನು ಇಳಿಸಿ, ಬಿಸಿಲಿಗೆ ಹಾಕಿ ಒದರಿ, ಗೋಡೆಗೆ ಒತ್ತಿ ಹಚ್ಚದೆ ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿ. ಎಲ್ಲಿ ಹಾಕಬೇಕು ಅಂದರೆ, ನೀವು ಕೇಳುವ ಜಾಗದಲ್ಲಿ ಕೂತುಕೊಳ್ಳಿ, ಮನೆಯವರ ಕೈಗೆ ಒಂದು ಕನ್ನಡಿ ಕೊಟ್ಟು ಪಕ್ಕದ ಗೋಡೆಯುದ್ದಕ್ಕೂ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಗೋಡೆಗೆ ಬಡಿದ ಮೊದಲ ಸದ್ದು ನಿಮ್ಮ ಕಿವಿಗೆ ಬರುವ ಜಾಗ. ಕೌದಿ ಅಲ್ಲಿರಬೇಕು. ನಿಮಗೂ ಸ್ಪೀಕರಿಗೂ ನಡುವಿನ ನೆಲದ ಮೇಲೆ ನವಲಗುಂದದ ಜಮಖಾನೆ ಹಾಸಿ. ಜಮಖಾನೆ ತೆಳುವು, ಅದು ಕೀರಲು ಸದ್ದನ್ನಷ್ಟೇ ಹಿಡಿಯುತ್ತದೆ. ಅದರ ಕೆಳಗೆ ಒಂದು ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ಬೇಸ್ ಹಿಡಿಯಲು ದಪ್ಪ ಬೇಕು. ಹತ್ತಿಯ ಗಾದಿಗಳನ್ನು ಸುರುಳಿ ಸುತ್ತಿ, ಕೇಳುವಷ್ಟು ಹೊತ್ತು ಕೋಣೆಯ ಮೂಲೆಗಳಲ್ಲಿ ನಿಲ್ಲಿಸಿ. ನೋಡಲು ಚೆಂದ ಕಾಣಲಿಕ್ಕಿಲ್ಲ, ಕೇಳಿದ ಮೇಲೆ ತೆಗೆದಿಡಿ, ಯಾರು ಬೇಡ ಅಂದರು?

ಕೋಣೆ ಚೌಕಾಗಿದ್ದರೆ ಸ್ವಲ್ಪ ಹೆಚ್ಚು ಕಷ್ಟ. 12 ಅಡಿಗೆ 12 ಅಡಿಯ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸಿನ ಅಲೆ ಸಿಕ್ಕಿಹಾಕಿಕೊಂಡು ಅಲ್ಲೇ ತೂಗುತ್ತದೆ. ಉದ್ದ ಅಗಲ ಎರಡೂ ಒಂದೇ ಆದರೆ ಅದೇ ಸ್ವರ ಎರಡು ಪಟ್ಟು ಉಬ್ಬುತ್ತದೆ. ಸಾಧ್ಯವಿದ್ದವರು ಚೌಕ ಕೋಣೆ ಬಿಟ್ಟು ಉದ್ದನೆಯ ಪಡಸಾಲೆಯಲ್ಲಿ ಇಡಿ. ಬಾಗಿಲು ತೆರೆದಿಡಿ, ಬೇಸ್ ಒಂದಿಷ್ಟು ಹೊರಗೆ ಹರಿದು ಹೋಗುತ್ತದೆ.

ಇನ್ನು ಇಡುವ ಕ್ರಮ. "ಓಡಾಡಲು ಅಡ್ಡ ಆಗುತ್ತೆ" ಎಂದು ಎರಡನ್ನೂ ಟಿವಿ ಶೋಕೇಸಿನ ಎರಡು ಮಗ್ಗುಲಿಗೆ, ಗೋಡೆಗೆ ಬೆನ್ನು ಹಚ್ಚಿ ಮೂಲೆಗೆ ತುರುಕುತ್ತೀರಿ. ಮೂಲೆಗೆ ಹೋದ ಸ್ಪೀಕರಿನ ಬೇಸ್ ನೆಲ ಮತ್ತು ಎರಡು ಗೋಡೆ ಸೇರಿ ಉಬ್ಬಿಕೊಳ್ಳುತ್ತದೆ. ಮೂಲೆಗೆಂದೇ ಮಾಡಿದ ಸ್ಪೀಕರುಗಳೂ ಇವೆ, ಅಮೆರಿಕದ ಪಾಲ್ ಕ್ಲಿಪ್ಶ್ ರೂಪಿಸಿ 1946ರಿಂದ ಬರುತ್ತಿರುವ ಕ್ಲಿಪ್ಶ್‌ಹಾರ್ನ್ ಅಂಥದ್ದು; ನಿಮ್ಮದು ಅದಲ್ಲ. ಹಿಂದಿನ ಗೋಡೆಯಿಂದ ಎರಡು ಮೂರು ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಬರಲಿ. ಹಿಂಬದಿಗೆ ಗಾಳಿಯ ತೂತು ಇದ್ದರೆ ಇನ್ನಷ್ಟು ಬಿಡಿ. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ ನಿಮಗೂ ಅವಕ್ಕೂ ಸುಮಾರು ಅಷ್ಟೇ ದೂರ ಇರಲಿ, ಕೀರಲು ಸದ್ದು ಹೊರಡಿಸುವ ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ನೆಲದ ಮೇಲೆ ಕೂತು ಕೇಳುವವರಿಗೆ ಟ್ವೀಟರ್ ತಲೆಯ ಮೇಲೆ ಹಾದು ಹೋಗುತ್ತದೆ, ಕುರ್ಚಿ ಹಾಕಿಕೊಳ್ಳಿ. ಕೂತ ಜಾಗವೂ ಹಿಂದಿನ ಗೋಡೆಗೆ ಅಂಟಿರಬಾರದು. ಆಮೇಲೆ ಒಂದೊಂದು ಅಂಗುಲ ಸರಿಸುತ್ತ ಒಂದೇ ಹಾಡು ಮತ್ತೆ ಮತ್ತೆ ಕೇಳಿ. ಆತುರಗಾರನಿಗೆ ಬುದ್ಧಿ ಮಟ್ಟ. ಭೀಮಸೇನ ಜೋಶಿಯವರ ದನಿ ಎರಡು ಪೆಟ್ಟಿಗೆಯಿಂದ ಬರುವುದನ್ನು ಬಿಟ್ಟು ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ಬಂದು ಕೂತಿತೆಂದರೆ ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿ. ದಿನವಿಡೀ ಅಲ್ಲೇ ಇರಬೇಕೆಂದಿಲ್ಲ, ಕೇಳುವಾಗ ಗುರುತಿಗೆ ತಂದರಾಯಿತು.

ಹಾಗೆ ಸರಿಸುವಾಗ ಕೆಳಗಿನ ಮೊಳೆಗಳ ಮೇಲೆ ಗಮನವಿರಲಿ. ಮೂವತ್ತು ನಲವತ್ತು ಕಿಲೋ ಭಾರ ನಾಲ್ಕು ಚೂಪು ತುದಿಯ ಮೇಲೆ ನಿಂತಿರುತ್ತದೆ. ಎಳೆದರೆ ಫರಸಿಯ ಮೇಲೆ ಬಿಳಿ ಗೀರು ಬೀಳುತ್ತದೆ, ಟೈಲ್ಸ್ ಆದರೆ ಸಿಡಿಯುತ್ತದೆ. ಇಬ್ಬರು ಹಿಡಿದು ಎತ್ತಿ. ಪ್ರತಿ ಮೊಳೆಯ ಕೆಳಗೆ ಒಂದೊಂದು ನಾಣ್ಯ ಇಡಿ. ನಾಲ್ಕೂ ಮೊಳೆ ನೆಲಕ್ಕೆ ಸಮ ಕೂತಿವೆಯೇ ಎಂದು ಪೆಟ್ಟಿಗೆಯ ತಲೆ ಹಿಡಿದು ಅಲ್ಲಾಡಿಸಿ ನೋಡಿ. ಫರಸಿ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ, ಮೊಳೆ ತಿರುವಿ ಸರಿಪಡಿಸಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ತಬಲಾದ ಎಡ ಬಾರಿಸಿದಾಗಲೆಲ್ಲ ಟರ್ರ್ ಎಂದು ಕೇಳುತ್ತದೆ, ಬೇಸ್ ಹೊರಡಿಸುವ ವೂಫರ್ ಹರಿದಿದೆ ಎಂದು ಹೊಸ ಸ್ಪೀಕರನ್ನು ಬಿಚ್ಚಿಸಿದವರಿದ್ದಾರೆ. ಬಿಚ್ಚುವ ಮೊದಲು ಮನೆ ಸುತ್ತಿ ಬನ್ನಿ. ಅದೇ ಹಾಡು ಹಾಕಿ, ಕಬ್ಬಿಣದ ಅಲಮಾರಿಯ ಬಾಗಿಲಿಗೆ ಅಂಗೈ ಒತ್ತಿ. ಕಿಟಕಿಯ ಗಾಜಿಗೆ ಒತ್ತಿ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ಒರಗಿಸಿಟ್ಟ ಸ್ಟೀಲ್ ತಾಟುಗಳ ಮೇಲೆ ಕೈಯಿಡಿ. ಕೈಯಿಟ್ಟೊಡನೆ ಟರ್ರ್ ನಿಂತರೆ ಕಳ್ಳ ಅಲ್ಲೇ ಇದ್ದಾನೆ. ಒಂದು ಬಟ್ಟೆಯ ತುಂಡು ಸಿಕ್ಕಿಸಿದರೆ ಮುಗಿಯಿತು.

ಆರೈಕೆಯ ಮಾತಿಗೆ ಬಂದರೆ ನಿಮ್ಮನ್ನು ನಿಜಕ್ಕೂ ಬೈಯಬೇಕು. ಹಬ್ಬ ಬಂತೆಂದು ಬಕೆಟ್‌ಗಟ್ಟಲೆ ನೀರು ಸುರಿದು ಮನೆ ತೊಳೆಯುತ್ತೀರಿ, ಸ್ಪೀಕರ್ ನಿಂತಲ್ಲೇ ನಿಂತಿರುತ್ತದೆ. ಮೇಲೆ ಮರದ ಪದರ ಕಂಡರೂ ಒಳಗೆ ಇರುವುದು ಬಹಳಷ್ಟು ಎಂಡಿಎಫ್ ಹಲಗೆ. ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಗೋಡೆಗೆ ಸುಣ್ಣ ಬಣ್ಣ ಹೊಡೆಸುವಾಗ ಸ್ಪೀಕರನ್ನು ಬೇರೆ ಕೋಣೆಗೆ ಒಯ್ಯಿರಿ, ಆಗದಿದ್ದರೆ ಹಳೆಯ ಸೀರೆಯಲ್ಲಿ ಬುಡದವರೆಗೆ ಸುತ್ತಿ. ಪಡುವಣ ಕಿಟಕಿಯ ಬಿಸಿಲು ನೇರ ಬೀಳುವಲ್ಲಿ ಇಡಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುವಂಥದ್ದು, ಪಾಲಿಶ್ ಕಳೆಗುಂದುತ್ತದೆ. ಸ್ಪೀಕರಿನ ತಲೆಯ ಮೇಲೆ ಹೂದಾನಿ, ದೀಪ, ಮಗನ ಕ್ರಿಕೆಟ್ ಕಪ್ಪು ಯಾವುದೂ ಬೇಡ. ಕೋನುಗಳಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಮೆತ್ತನೆಯ ಒಣ ಬ್ರಶ್ಶಿನಿಂದ ಧೂಳು ಜಾಡಿಸಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮುಂದಿನ ಜಾಲರಿ ತೆಗೆಯಲೇಬೇಡಿ. ಟ್ವೀಟರಿನ ಗುಬುಟು ಕಂಡರೆ ಒತ್ತಿ ನೋಡದ ಮಗು ಇಲ್ಲ. ಮತ್ತೆ ಆ ಗಾಳಿಯ ತೂತು. ಹೊಲದಲ್ಲಿ ರಾಶಿ ಮುಗಿದು ಚೀಲಗಳು ಮನೆ ಸೇರಿದ ಮೇಲೆ ಇಲಿಗಳೂ ಬರುತ್ತವೆ. ಒಳಗಿನ ಹತ್ತಿ ಇಲಿಗೆ ಬಾಣಂತಿ ಕೋಣೆಯಂತೆ. ಊರಿಗೆ ಹೋಗುವಾಗ ಆ ತೂತಿಗೆ ಬಟ್ಟೆಯ ಉಂಡೆ ತುರುಕಿ ಹೋಗಿ, ಬಂದ ಮೇಲೆ ತೆಗೆಯುವುದನ್ನು ಮರೆಯಬೇಡಿ.

ಕರೆಂಟಿನ ವಿಷಯದಲ್ಲಿ ಉದಾಸೀನ ಸಲ್ಲದು. ಸುರಪುರ ಕಲ್ಲುಗುಡ್ಡಗಳ ನಡುವಿನ ಊರು. ಬಂಡೆ ಅಡ್ಡ ಬಂತೆಂದು ಎರಡಡಿ ತೋಡಿ ಅರ್ಥಿಂಗ್ ಪೈಪ್ ನೆಟ್ಟು ಮುಗಿಸಿದ ಮನೆಗಳು ಎಷ್ಟೋ ಇವೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಹಾಡು ನಿಂತ ಮೇಲೂ ಗುಂಯ್ ಎನ್ನುವ ಸದ್ದು ಉಳಿಯಬಹುದು, ಜೀವಕ್ಕೂ ಅಪಾಯ. ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಕಾಲನ್ನೇ ಮುರಿಯುವ ಜಾಣರಿದ್ದಾರೆ. ಅಂಥವರನ್ನು ಮನೆಯೊಳಗೆ ಬಿಡಬೇಡಿ. ಮಣ್ಣು ಸಿಗುವ ಕಡೆ ಆಳವಾಗಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದೊಡನೆ ಪ್ಲಗ್ ಕೀಳಿ, ಡಿಶ್ಶಿನ ವೈರನ್ನೂ ಬಿಚ್ಚಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಇನ್ವರ್ಟರ್ ಕೊಳ್ಳುವಾಗ ಸೈನ್ ವೇವ್ ಇರುವುದನ್ನೇ ಕೇಳಿ ಪಡೆಯಿರಿ.

ವೈರಿಗೆ ಸಾವಿರಾರು ಸುರಿಯಬೇಡಿ. ಹದಿನೈದು ಇಪ್ಪತ್ತು ಅಡಿಯೊಳಗೆ ಎಲೆಕ್ಟ್ರಿಕ್ ಅಂಗಡಿಯ ಎರಡೂವರೆ ಎಂಎಂ ತಾಮ್ರದ ವೈರು ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ಎರಡು ಸಲ ನೋಡಿ. ಒಂದರಲ್ಲಿ ಉಲ್ಟಾ ಆದರೂ ಬೇಸ್ ಮಾಯವಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲುವುದಿಲ್ಲ.

ಇನ್ನೂ ಕೊಳ್ಳದೆ ಯೋಚನೆಯಲ್ಲಿರುವವರು ಕೋಣೆಯ ಅಳತೆ ಬರೆದುಕೊಂಡು, ನಿಮಗೆ ಬಾಯಿಪಾಠವಾದ ಹಾಡು ತೆಗೆದುಕೊಂಡು ಅಂಗಡಿಗೆ ಹೋಗಿ. ಅಂಗಡಿಯವರು ಹಾಕುವ ಇಂಗ್ಲಿಷ್ ಡ್ರಮ್ಮಿಗೆ ಮರುಳಾಗಬೇಡಿ. ತಂಬೂರಿಯ ತಂತಿ ಮೀಟಿದ ಮೇಲೆ ಜವಾರಿಯ ಝೇಂಕಾರ ಹೇಗೆ ಬಿಚ್ಚಿಕೊಳ್ಳುತ್ತದೆ ಕೇಳಿ, ಸಿದ್ಧರಾಮ ಜಂಬಲದಿನ್ನಿಯವರ ವಚನ ಹಾಕಿ ಮಾತು ತಿಳಿಯಾಗಿದೆಯೇ ಕೇಳಿ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳಿಂದ ಮಾತ್ರ ಸ್ಪೀಕರನ್ನು ಅಳೆಯಬೇಡಿ, ಆ ಕಾಲದ ಮುದ್ರಣದಲ್ಲೇ ಬೇಸೂ ಕೀರಲೂ ಕಡಿಮೆ. ವಾಟ್ ಎಷ್ಟು ಅನ್ನುವ ಮೊದಲು ಸೆನ್ಸಿಟಿವಿಟಿ, ಅಂದರೆ ಒಂದು ವಾಟಿಗೆ ಬರುವ ಸದ್ದು, ಎಷ್ಟು ಎಂದು ಕೇಳಿ. 86 ಡೆಸಿಬಲ್ಲಿನ ಸ್ಪೀಕರ್ 100 ವಾಟಿನಲ್ಲಿ ಮಾಡುವ ಸದ್ದನ್ನು 96 ಡೆಸಿಬಲ್ಲಿನದು 10 ವಾಟಿನಲ್ಲೇ ಮಾಡುತ್ತದೆ. ಪರದೇಶದ್ದೇ ಆಗಬೇಕೆಂದೂ ಇಲ್ಲ. ಕೋಲ್ಕತ್ತದ ಸೋನೋಡೈನ್‌ನವರು 1970ರಿಂದ ಈ ಕಸುಬಿನಲ್ಲಿದ್ದಾರೆ. ಚಿಕ್ಕ ಕೋಣೆಯವರಿಗೆ ಟವರ್ ಬದಲು ಸ್ಟ್ಯಾಂಡಿನ ಮೇಲೆ ಕೂಡುವ ಚಿಕ್ಕ ಸ್ಪೀಕರೇ ಒಳ್ಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಈಗ ಗಣಪತಿ ಹಬ್ಬದ ವಿಷಯ. ಚೌತಿ ಹತ್ತಿರವಾದಾಗ ಓಣಿಯ ಹುಡುಗರು ಬಂದು, "ಕಾಕಾ, ಐದ ದಿನ ಸ್ಪೀಕರ್ ಕೊಡ್ರಿ, ಜ್ವಾಕಿಲೆ ತಂದು ಮುಟ್ಟಸ್ತೀವಿ" ಅನ್ನುತ್ತಾರೆ. ಪಟ್ಟಿ ಎಷ್ಟು ಬೇಕೋ ಕೊಡಿ, ಪ್ರಸಾದಕ್ಕೆ ಅಕ್ಕಿ ಬೆಲ್ಲ ಕೊಡಿ, ಸ್ಪೀಕರ್ ಕೊಡಬೇಡಿ. ಹುಡುಗರ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮನೆಯಲ್ಲಿ ನೀವು 8 ಅಡಿಯಿಂದ ಕೇಳಿದಷ್ಟೇ ಸದ್ದು ಬಯಲಿನಲ್ಲಿ 32 ಅಡಿಗೆ ತಲುಪಬೇಕಾದರೆ ಆಂಪ್ಲಿಫೈಯರ್ 16 ಪಟ್ಟು ಶಕ್ತಿ ಕೊಡಬೇಕು. ಅದರ ಕೈಲಾಗದು. ಹುಡುಗರು ವಾಲ್ಯೂಮ್ ತಿರುಗಿಸುತ್ತಲೇ ಹೋಗುತ್ತಾರೆ, ಅಲೆಯ ನೆತ್ತಿ ಕತ್ತರಿಸಿಹೋಗಿ ಅದರಿಂದ ಹುಟ್ಟಿದ ಕರ್ಕಶ ಶಕ್ತಿಯೆಲ್ಲ ಟ್ವೀಟರಿಗೆ ನುಗ್ಗುತ್ತದೆ, ಕೂದಲೆಳೆಯಂಥ ತಂತಿಯ ಸುರುಳಿ ಸುಟ್ಟುಹೋಗುತ್ತದೆ. ವಿಸರ್ಜನೆಯ ಮರುದಿನ ಪೆಟ್ಟಿಗೆ ಹೊರಗಿನಿಂದ ನೆಟ್ಟಗೇ ಮರಳಿ ಬರುತ್ತದೆ, ಒಳಗೆ ಟ್ವೀಟರ್ ಇರುವುದಿಲ್ಲ. ಆಗ ಮುಖ ಕೆಡಿಸಿಕೊಳ್ಳುವುದಕ್ಕಿಂತ ಈಗಲೇ ನಗುತ್ತ "ಬ್ಯಾಡಪ್ಪಾ" ಅನ್ನುವುದು ಮೇಲು. ಬಯಲಿಗೆ ಬಯಲಿನ ಸ್ಪೀಕರ್ ಬಾಡಿಗೆಗೆ ಸಿಗುತ್ತದೆ.

ಮನೆಯೊಳಗೂ ಅತಿಯಾದರೆ ಅಮೃತವೂ ವಿಷ. ದೊಡ್ಡವರ ಕಿವಿಗೆ 80 ಡೆಸಿಬಲ್, ಮಕ್ಕಳ ಕಿವಿಗೆ 75, ಅದೂ ವಾರಕ್ಕೆ 40 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಫೋನಿನಲ್ಲೇ ಡೆಸಿಬಲ್ ತೋರಿಸುವ ಆ್ಯಪ್ ಸಿಗುತ್ತದೆ, ಅಂದಾಜಿಗೆ ಸಾಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ಲೇ ಗಡಿ. ನಮ್ಮ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ ನಿಮಗೆ ಗೊತ್ತೇ ಇರುತ್ತದೆ. ಅವರು ಬಂದು ಹೇಳಲಿ ಎಂದು ಕಾಯಬೇಡಿ.

ಕೊನೆಗೆ, ಸ್ಪೀಕರ್ ಬಂದ ರಟ್ಟಿನ ಪೆಟ್ಟಿಗೆ ಮತ್ತು ಒಳಗಿನ ಥರ್ಮಾಕೋಲನ್ನು ರದ್ದಿಯವನಿಗೆ ಹಾಕಬೇಡಿ. ರಿಪೇರಿಗೆ ಹೈದರಾಬಾದಿಗೆ ಕಳಿಸುವ ದಿನ ಬಂದರೆ ಲಾರಿಯ ಕುಲುಕಾಟ ತಡೆಯುವ ಪೆಟ್ಟಿಗೆ ಬೇರೆಲ್ಲೂ ಸಿಗುವುದಿಲ್ಲ. ಬಿಲ್ಲು, ವಾರಂಟಿ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಪೆಟ್ಟಿಗೆಯೊಳಗೆ ಹಾಕಿ, ಬಾಯಿಗೆ ಟೇಪು ಹಚ್ಚಿ, ಕೌದಿ ಇಳಿಸಿ ಖಾಲಿಯಾದ ಅಟ್ಟದ ಮೇಲೆ ಎತ್ತಿಡಿ.