ಕುಟುಂಬಕ್ಕೆ ಯಾವ ಮೋಟಾರ್ ದೋಣಿ? ತೇಲುವಿಕೆಯ ಒಂದು ಪಾಠ

ಅಭ್ಯಾಸ ಬೋಧನೆಯಲ್ಲಿ ಹನುಮನಹಳ್ಳಿಯ ಮಕ್ಕಳಿದ್ದ 9ನೇ ತರಗತಿಗೆ ಆರ್ಕಿಮಿಡೀಸ್ ತತ್ವ ಹೇಳುವಾಗ ಬೀಕರಿನ ಬದಲು ಅವರ ತುಂಗಭದ್ರೆಯನ್ನೇ ತೆಗೆದುಕೊಂಡೆ. ಐದು ಜನರ ಕುಟುಂಬ ವಿಹಾರಕ್ಕೆ ಹೊರಟಿದೆ. ಎರಡು ಮೋಟಾರ್ ದೋಣಿಗಳಲ್ಲಿ ಯಾವುದು? ಅಂಕಿಗಳೆಲ್ಲ ನನ್ನ ಊಹೆಯವು. ಚಪ್ಪಟೆ ತಳದ ದೋಣಿಗೆ ನೀರಿನ ಮಟ್ಟದಲ್ಲಿ 6 ಚದರ ಮೀಟರ್ ವಿಸ್ತೀರ್ಣ. ಖಾಲಿಯಿದ್ದಾಗ 20 ಸೆಂ.ಮೀ. ಮುಳುಗಿರುತ್ತದೆ. ಚೂಪು ತಳದ್ದಕ್ಕೆ 3 ಚದರ ಮೀಟರ್, 40 ಸೆಂ.ಮೀ. ಐವರ ತೂಕ 300 ಕಿಲೋ ಎಂದರೆ 300 ಲೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಮೊದಲನೆಯದು ಇನ್ನೂ 5 ಸೆಂ.ಮೀ., ಎರಡನೆಯದು ಸುಮಾರು 10 ಸೆಂ.ಮೀ. ಇಳಿಯುತ್ತದೆ. ಬಂಡೆಯ ಮೇಲೆ 40 ಸೆಂ.ಮೀ. ನೀರಿದ್ದರೆ? ಚಪ್ಪಟೆಯದೇ ಸರಿ ಎಂದು ಕಪ್ಪುಹಲಗೆಯ ಮೇಲೆ ಅಡಿಗೆರೆ ಎಳೆದೆ.

"ಸರ, ಫ್ಯಾನ್ ಲೆಕ್ಕಕ್ಕ ಹಿಡದಿಲ್ರೀ," ಎಂದ ಹಿಂದಿನ ಬೆಂಚಿನ ಹುಡುಗ.

ಪ್ರೊಪೆಲ್ಲರ್ ತಳಕ್ಕಿಂತ ಕೆಳಗಿರುತ್ತದೆ. ಅದಕ್ಕೆ 20 ಸೆಂ.ಮೀ. ಹಿಡಿದರೂ ನನ್ನ 25 ಹೋಗಿ 45 ಆಯಿತು. ನಾನು ಸರಿಯೆಂದ ದೋಣಿ ಕುಟುಂಬ ಸಮೇತ ಬಂಡೆಗೆ ಬಡಿಯುತ್ತಿತ್ತು. ಮೌಲ್ಯಮಾಪನಕ್ಕಿಟ್ಟಿದ್ದ ಹತ್ತು ನಿಮಿಷವನ್ನು ಇದಕ್ಕೇ ಬಿಟ್ಟುಕೊಟ್ಟೆ. (ಪಾಠ ವೀಕ್ಷಿಸಿದವರು ಅಂಕ ಕಳೆದರು, ನ್ಯಾಯವೇ.) ಈ ಹೊಳೆಯಲ್ಲಿ ಹರಿಗೋಲು ಏಕೆ ಉಳಿದಿದೆ ಎಂಬುದನ್ನು ಮಕ್ಕಳೇ ಹೇಳಿದರು: ಅಗಲ ತಳ, ಅದರ ಕೆಳಗೆ ಏನೂ ಇಲ್ಲ. ಜಲಾಶಯದ ಆಳ ನೀರಿನಲ್ಲಿ ಗಾಳಿ ಎದ್ದಾಗ ಚೂಪು ತಳವೇ ಅಲೆಯನ್ನು ಚೆನ್ನಾಗಿ ಸೀಳುತ್ತದೆ ಎಂದು ನಾನು ಸೇರಿಸಿದೆ.

ಮರುಪಾಠದ ಕೋಷ್ಟಕದಲ್ಲಿ ಪ್ರೊಪೆಲ್ಲರ್, ನೀರಿನಿಂದ ಅಂಚಿನ ಎತ್ತರ, ಐದು ಲೈಫ್ ಜಾಕೆಟ್ ಇವೆಯೇ ಎಂಬ ಕಾಲಂಗಳಿದ್ದವು. ಮೊದಲನೆಯದರ ಗೆರೆಯನ್ನು ಆ ಹುಡುಗನೇ ಎಳೆದ.