ಆರು ತಿಂಗಳು ಎದೆಹಾಲೊಂದೇ: ಮನೆಯವರು ಮಾಡತಕ್ಕ ಕೆಲಸ

ಶಿಶು ಹುಟ್ಟಿದ ಗಳಿಗೆಯಿಂದ ಆರು ತಿಂಗಳು ತುಂಬುವವರೆಗೆ, ಅಂದರೆ 180 ದಿನಗಳ ಕಾಲ, ತಾಯಿಯ ಎದೆಹಾಲನ್ನಲ್ಲದೆ ಅನ್ಯವಾದ ಯಾವ ಆಹಾರವನ್ನೂ, ಒಂದು ಚಮಚ ನೀರನ್ನು ಸಹ, ಅದರ ಬಾಯಿಗೆ ಹಾಕಬಾರದೆಂಬುದು ಇಂದಿನ ವೈದ್ಯಶಾಸ್ತ್ರದ ನಿಶ್ಚಿತವಾದ ಅಭಿಪ್ರಾಯ. ವೈದ್ಯರು ಬರೆದುಕೊಟ್ಟ ಔಷಧ, ವಿಟಮಿನ್ ಹನಿ, ಭೇದಿಯಾದಾಗ ಓಆರ್‌ಎಸ್, ಇಷ್ಟಕ್ಕೆ ಮಾತ್ರ ವಿನಾಯಿತಿ ಉಂಟು. ಮೊದಲು ನಾಲ್ಕರಿಂದ ಆರು ತಿಂಗಳೆಂದು ಹೇಳುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಆರು ತಿಂಗಳೆಂದು ನಿಷ್ಕರ್ಷಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳೊಳಗಿನ ಶಿಶುಗಳ ಪೈಕಿ ಎದೆಹಾಲೊಂದನ್ನೇ ಕುಡಿಯುವವುಗಳ ಪ್ರಮಾಣ ಭಾರತದಲ್ಲಿ 2015-16ರಲ್ಲಿ ಶೇ 54.9 ಇದ್ದುದು 2019-21ರಲ್ಲಿ ಶೇ 63.7ಕ್ಕೆ ಏರಿದೆ. ಏರಿಕೆ ಸಂತೋಷದ ವಿಷಯವೇ. ಆದರೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಿಶುಗಳ ಬಾಯಿಗೆ ಇನ್ನೂ ಬೇರೇನನ್ನೋ ಹಾಕಲಾಗುತ್ತಿದೆಯೆಂದೇ ಇದರ ಅರ್ಥ.

ಹೀಗೇಕಾಗುತ್ತದೆಂದು ಕೇಳಿದರೆ ತಾಯಿಗೆ ತಿಳಿವಳಿಕೆ ಸಾಲದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. ರಾಯಚೂರು ನಗರದ ಓಣಿಗಳಲ್ಲಾಗಲಿ, ದೇವದುರ್ಗದ ತಾಂಡಾಗಳಲ್ಲಾಗಲಿ, ಮಾನ್ವಿಯ ಕಾಲುವೆ ಬಯಲಿನ ಹಳ್ಳಿಗಳಲ್ಲಾಗಲಿ, ಕೂಸಿಗೆ ಏನು ಕುಡಿಸಬೇಕೆಂಬುದನ್ನು ಹೆತ್ತವಳೊಬ್ಬಳೇ ತೀರ್ಮಾನಿಸುವುದು ಅಪರೂಪ. ಹೆರಿಗೆ ಕೋಣೆಯ ನರ್ಸು, ತವರಿನ ಅವ್ವ, ಅತ್ತೆ, ನೆರೆಯ ಹಿರಿಯಳು, ಹೊಲದ ಕೂಲಿ, ಬೇಸಗೆಯ ಬಿಸಿಲು, ಔಷಧಿ ಅಂಗಡಿಯ ಡಬ್ಬಿ, ಇವೆಲ್ಲವೂ ಸೇರಿ ಆ ತೀರ್ಮಾನವನ್ನು ಮಾಡುತ್ತವೆ. ಆದಕಾರಣ ಮುಂದೆ ಹೇಳುವ ಕ್ರಮವು ತಾಯಿಗಷ್ಟೇ ಅಲ್ಲ, ಅವಳ ಮನೆಯವರೆಲ್ಲರಿಗೂ ಉದ್ದೇಶಿಸಿದ್ದು.

ಹೆರಿಗೆಗೆ ಮುಂಚೆ

ಏಳನೆಯ ತಿಂಗಳಿನಲ್ಲಿಯೇ, ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಹಿರಿಯಳು ಯಾರಾಗುವಳೋ ಅವಳನ್ನು ಒಮ್ಮೆ ಗರ್ಭಿಣಿಯ ಜೊತೆಗೆ ಆಸ್ಪತ್ರೆಗೋ ಅಂಗನವಾಡಿಗೋ ಕರೆದುಕೊಂಡು ಹೋಗಬೇಕು. ನರ್ಸು ಹೇಳುವ ಮಾತು ಸೊಸೆಯ ಬಾಯಿಂದ ಬಂದರೆ ಮನೆಯಲ್ಲಿ ವಾದವಾಗುತ್ತದೆ. ಅತ್ತೆಯೇ ಸ್ವತಃ ಕೇಳಿ ಬಂದರೆ ಅದೇ ಮಾತು ಮನೆಯ ಕಟ್ಟಳೆಯಾಗುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಾಗುವ ನಮ್ಮ ಪದ್ಧತಿಯಿಂದ ಒಂದು ತೊಡಕುಂಟು. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿರುವ ಬಾಣಂತಿ ತವರಿನಲ್ಲಿರುತ್ತಾಳೆ. ತವರಿನ ಆಶಾಗೆ ಇವಳು ಬಂದದ್ದೇ ತಿಳಿದಿರುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಮನೆಗೆ ಬಂದು ತಾಯಿಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಎದೆಹಾಲಿನ ವಿಷಯದಲ್ಲಿ ಸಂಶಯಗಳು ಹುಟ್ಟುವುದೂ ಸರಿಯಾಗಿ ಈ ದಿನಗಳಲ್ಲಿಯೇ. ಆದ್ದರಿಂದ ತವರಿಗೆ ಹೊರಡುವಾಗ ತಾಯಿ ಕಾರ್ಡನ್ನು ಕಟ್ಟಿಕೊಂಡು ಹೋಗಿ, ತಲುಪಿದ ವಾರದೊಳಗೆ ಅಲ್ಲಿಯ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಬಳಿ ಹೆಸರು ಹೇಳಿಸತಕ್ಕದ್ದು.

ಮೊದಲ ಗಂಟೆ, ಮೊದಲ ಮೂರು ದಿನ

ರಾಯಚೂರಿನ ರಿಮ್ಸ್ ಇರಲಿ, ತಾಲೂಕು ಆಸ್ಪತ್ರೆಗಳಿರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ, ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ತಾಯಿಯ ಬರಿಮೈಗೆ ಒರಗಿಸಿ ಮೊಲೆಗೆ ಹಚ್ಚಿಸಬೇಕೆಂದು ಜೊತೆಗೆ ಹೋದವರು ಮುಂಚಿತವಾಗಿಯೇ ಕೇಳಿಕೊಳ್ಳಬೇಕು. ಬಹುಪಾಲು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿರುವ ಈ ಕಾಲದಲ್ಲಿಯೂ ಆ ಮೊದಲ ಗಂಟೆಯ ಹಾಲು ದೇಶದ ಅರ್ಧದಷ್ಟು ಮಕ್ಕಳಿಗೆ ಸಹ ದೊರೆಯುತ್ತಿಲ್ಲ. ಶಸ್ತ್ರಕ್ರಿಯೆಯ ಹೆರಿಗೆಯಾದಲ್ಲಿ ವಿಳಂಬವಾಗುವುದು ಸಾಮಾನ್ಯ. ಬೆನ್ನಿಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರೆ ತಾಯಿ ಎಚ್ಚರದಿಂದಲೇ ಇರುತ್ತಾಳೆ. ಅವಳನ್ನು ಮಗ್ಗುಲಾಗಿ ಮಲಗಿಸಿ, ಹೊಲಿಗೆಗೆ ತಾಗದಂತೆ ಕೂಸನ್ನು ಹಿಡಿದುಕೊಳ್ಳಲು ಒಬ್ಬರು ನೆರವಾದರೆ ಸಾಕು. ತಾಯಿಗೆ ಎಚ್ಚರವಾಗಲೆಂದು ಕಾಯುತ್ತ ಹೊರಗಿನ ವರಾಂಡದಲ್ಲಿ ಕೂಸಿಗೆ ಸಕ್ಕರೆ ನೀರು ನೆಕ್ಕಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು.

ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿಯಾಗಿ, ಮಂದವಾಗಿ, ಅತ್ಯಲ್ಪವಾಗಿ ಇರುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ವಾಸ್ತವದಲ್ಲಿ ರೋಗನಿರೋಧಕ ಅಂಶಗಳು ಸಾಂದ್ರವಾಗಿರುವುದು ಆ ಹಾಲಿನಲ್ಲಿಯೇ; ಮೊದಲ ದಿನ ಶಿಶುವಿನ ಜಠರ ಒಂದು ಸಲಕ್ಕೆ ಹಿಡಿಯುವುದು ಒಂದೆರಡು ಚಮಚಕ್ಕಿಂತ ಹೆಚ್ಚಿಲ್ಲವಾದುದರಿಂದ ಅದರ ಅಲ್ಪತೆಯೂ ಕೊರತೆಯಲ್ಲ. ಜೇನುತುಪ್ಪ, ಬೆಲ್ಲದ ನೀರು, ಹರಳೆಣ್ಣೆ, ತೇಯ್ದ ಬಜೆ, ಜನ್ಮಘುಟ್ಟಿ, ಕತ್ತೆಯ ಹಾಲು, ಇವುಗಳಲ್ಲಿ ಯಾವುದೂ ಬೇಡ. ಜೇನುತುಪ್ಪದಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಒಂದು ವರ್ಷದೊಳಗಿನ ಮಕ್ಕಳ ನರಗಳನ್ನು ನಿಶ್ಚೇಷ್ಟಗೊಳಿಸುವಷ್ಟು ಅಪಾಯಕರ. ಹಿರಿಯರು ಇವನ್ನು ಪ್ರೀತಿಯಿಂದಲೇ ಕೊಡುತ್ತ ಬಂದವರಾದ್ದರಿಂದ ಅವರನ್ನು ಮೂದಲಿಸದೆ, ತುಟಿಗೆ ಜೇನು ಸವರುವ ಶಾಸ್ತ್ರದ ಬದಲು ಕೂಸನ್ನು ಮೊದಲು ಎತ್ತಿ ಎದೆಗೆ ಕೊಡುವ ಗೌರವವನ್ನು ಅವರಿಗೇ ಒಪ್ಪಿಸುವುದು ಲೇಸು.

“ಹಾಲು ಸಾಲವಲ್ದು”

ಎದೆಹಾಲು ನಿಂತುಹೋದ ಮನೆಗಳ ಕಥೆಯನ್ನು ವಿಚಾರಿಸುತ್ತ ಹೋದರೆ ಬಹುತೇಕ ಎಲ್ಲೆಡೆಯೂ ಸಿಗುವ ಮೊದಲ ವಾಕ್ಯ ಇದೇ: “ಕೂಸಿಗೆ ಹಾಲು ಸಾಲವಲ್ದು.” ಕೂಸು ಸಂಜೆಯ ಹೊತ್ತು ಬಿಟ್ಟೂಬಿಡದೆ ಅಳುತ್ತದೆ, ಪದೇ ಪದೇ ಮೊಲೆಗೆ ಬಾಯಿ ಹಾಕುತ್ತದೆ, ಯಾರೋ ಒಬ್ಬರು ಈ ಮಾತನ್ನು ಆಡುತ್ತಾರೆ, ಅಂದೇ ರಾತ್ರಿ ಬಾಟಲಿ ಬರುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಮೊಲೆಯನ್ನು ಕಡಿಮೆ ಚೀಪುತ್ತದೆ. ಚೀಪುವುದು ಕಡಿಮೆಯಾದಂತೆ ಹಾಲು ಉತ್ಪತ್ತಿಯಾಗುವುದೂ ಕಡಿಮೆಯಾಗಿ, ಹದಿನೈದು ದಿನಗಳೊಳಗೆ ಆ ಸುಳ್ಳು ಸಂಶಯವೇ ನಿಜವಾಗಿಬಿಡುತ್ತದೆ. ಎದೆಹಾಲು ಸೇದಿದಷ್ಟೂ ಊರುವ ಒರತೆಯಂಥದು. ಕೂಸಿನ ಚೀಪುವಿಕೆಯೇ ತಾಯಿಯ ಮಿದುಳಿಗೆ ಸಂದೇಶ ಕಳುಹಿಸಿ ಹಾಲನ್ನು ಹುಟ್ಟಿಸುತ್ತದೆ, ಅದರಲ್ಲಿಯೂ ರಾತ್ರಿಯ ಹೊತ್ತು ಕುಡಿಸುವುದರಿಂದ ಈ ಕ್ರಿಯೆ ಹೆಚ್ಚು ಬಲಗೊಳ್ಳುತ್ತದೆ.

ಆದುದರಿಂದ ಸಂಶಯ ಬಂದೊಡನೆ ಅಳುವನ್ನಲ್ಲ, ಲಂಗೋಟಿಯನ್ನು ನೋಡಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ತಿಳಿಯಾದ ಮೂತ್ರ ಹೋಗುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ತಿಳಿಯಬೇಕು. ಎರಡನೆಯ ಪರೀಕ್ಷೆ ತೂಕದ್ದು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರಗಳೊಳಗೆ ಅದು ಹುಟ್ಟುತೂಕಕ್ಕೆ ಮರಳಿ, ಆಮೇಲೆ ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರಿದರೆ ಚಿಂತೆಗೆ ಕಾರಣವಿಲ್ಲ.

ಮೂತ್ರವೂ ಕಡಿಮೆ, ತೂಕವೂ ಏರದು ಎಂದಾದರೆ ಮೊದಲು ಗಮನಿಸತಕ್ಕದ್ದು ಕೂಸು ಮೊಲೆ ಹಿಡಿದಿರುವ ರೀತಿಯನ್ನು. ಕೂಸಿನ ತಲೆ ಮೈ ಒಂದೇ ನೇರದಲ್ಲಿದ್ದು, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಬಾಯಿ ಅಗಲವಾಗಿ ತೆರೆದು, ತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನು ಒಳಗೊಂಡಿರಬೇಕು. ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ಒತ್ತಿರಬೇಕು. ತೊಟ್ಟನ್ನು ಮಾತ್ರ ಕಚ್ಚಿಕೊಂಡಿದ್ದರೆ ಹಾಲು ಬಾರದು, ತೊಟ್ಟು ಒಡೆಯುತ್ತದೆ, ನೋವಿಗೆ ಹೆದರಿ ತಾಯಿ ಕುಡಿಸುವುದನ್ನೇ ಬಿಡುತ್ತಾಳೆ. ಆಗ ಕಿರುಬೆರಳನ್ನು ಕೂಸಿನ ಬಾಯಿಯ ಅಂಚಿಗೆ ತೂರಿಸಿ ಮೆಲ್ಲನೆ ಬಿಡಿಸಿ, ಮತ್ತೆ ಹಚ್ಚಬೇಕು. ದಿನರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು. ಎದೆ ಕೆಂಪಾಗಿ, ಗಟ್ಟಿಯಾಗಿ, ತಾಯಿಗೆ ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಆ ಬದಿಯಲ್ಲಿ ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಕೂಸೇ ಮಂಕಾಗಿ, ಮೊಲೆ ಹಿಡಿಯಲೊಲ್ಲದೆ ಇದ್ದರೆ ಮಾತ್ರ ಮನೆಮದ್ದಿಗೆ ಕ್ಷಣವನ್ನೂ ವ್ಯಯಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಬಾಣಂತಿಯ ಊಟದ ಮಾತೂ ಇಲ್ಲಿಯೇ ಬರುತ್ತದೆ. ನಂಜಾಗುವುದೆಂದು ಕಾಯಿಪಲ್ಯ ಬಿಡಿಸಿ, ನೀರನ್ನು ಸಹ ಅಳೆದು ಕೊಡುವ ಮನೆಗಳಿವೆ. ಹಾಲೂಡುವವಳಿಗೆ ಮೊದಲ ಆರು ತಿಂಗಳು ನಿತ್ಯದ ಊಟಕ್ಕಿಂತ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮೊಟ್ಟೆ, ಶೇಂಗಾ, ಯಾವುದೂ ವರ್ಜ್ಯವಲ್ಲ. ಬಾಯಾರಿದಷ್ಟೂ ನೀರು ಕೊಡಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಹೆರಿಗೆಯಾಗಿ ಆರು ತಿಂಗಳವರೆಗೆ ಅಂಗನವಾಡಿಯ ಊಟ ಬಾಣಂತಿಗೆ ಸಲ್ಲತಕ್ಕದ್ದು. ಹೊಸಿಲು ದಾಟಕೂಡದೆಂಬ ಕಟ್ಟಳೆಯ ಮನೆಯವರು, ಏನು ವ್ಯವಸ್ಥೆ ಮಾಡಬಹುದೆಂದು ಕಾರ್ಯಕರ್ತೆಯೊಡನೆ ಮೊದಲೇ ಮಾತಾಡಿಕೊಳ್ಳಬೇಕು.

ಬಿಸಿಲು ಮತ್ತು ನೀರು

ನಲವತ್ತು ಡಿಗ್ರಿ ಮೀರುವ ರಾಯಚೂರಿನ ಏಪ್ರಿಲ್, ಮೇ ತಿಂಗಳುಗಳಲ್ಲಿ “ಬಾಯಿ ಒಣಗ್ಯದ, ಎರಡು ಚಮಚ ನೀರು ಹಾಕು” ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಕಡುಬೇಸಗೆಯಲ್ಲಿಯೂ ಶಿಶುವಿಗೆ ಅದೇ ಸಾಕು. ಕುಡಿಸುವ ಸಲಗಳನ್ನು ಹೆಚ್ಚಿಸಬೇಕು ಅಷ್ಟೆ. ಇತ್ತ ನೀರಿನ ಸ್ಥಿತಿಯನ್ನು ನೋಡಿ: 2022ರ ಬೇಸಗೆಯಲ್ಲಿ ಕಲುಷಿತವಾದ ನಲ್ಲಿ ನೀರಿನಿಂದ ರಾಯಚೂರು ನಗರದಲ್ಲಿ ಅನೇಕರು ವಾಂತಿಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು, ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ದೊಡ್ಡವರನ್ನೇ ಹಾಸಿಗೆ ಹಿಡಿಸುವ ನೀರನ್ನು ಹಸುಗೂಸಿನ ಬಾಯಿಗೆ ಹಾಕುವುದಾದರೂ ಹೇಗೆ?

ಹೊಲ, ಕೂಲಿ, ಗುಳೆ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದ ಘಟ್ಟ ಇದು. ಉಪದೇಶದಿಂದ ಮಾತ್ರ ದಾಟಲಾಗದ್ದು. ಕಾನೂನಿನ ವ್ಯಾಪ್ತಿಗೆ ಬರುವ ಕಚೇರಿ, ಕಾರ್ಖಾನೆಗಳ ಮಹಿಳೆಗೆ 2017ರ ತಿದ್ದುಪಡಿಯ ಪ್ರಕಾರ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆಯುಂಟು. ಮಾನ್ವಿಯ ಗದ್ದೆಯಲ್ಲಿ ಭತ್ತದ ನಾಟಿ ಮಾಡುವವಳಿಗೂ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವವಳಿಗೂ ಅಂಥ ರಜೆಯಿಲ್ಲ. ಎರಡು ಮೂರು ತಿಂಗಳ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಅವಳು ಕೂಲಿಗೆ ಹೋಗಲೇಬೇಕಾಗುತ್ತದೆ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ ಕಂತುಗಳಲ್ಲಿ ಬರುವ 5,000 ರೂಪಾಯಿ ಆರು ತಿಂಗಳ ಕೂಲಿಗೆ ಸಮವಲ್ಲ. ಆದರೂ ಬರತಕ್ಕದ್ದನ್ನು ಬಿಡಬಾರದು, ಗರ್ಭಿಣಿಯಾಗಿರುವಾಗಲೇ ಅಂಗನವಾಡಿಯಲ್ಲಿ ಅರ್ಜಿ ಕೊಡಬೇಕು.

ಕೆಲಸಕ್ಕೆ ಹೊರಡುವ ತಾಯಿ ಕೈಯಿಂದ ಹಾಲು ತೆಗೆದಿಟ್ಟು ಹೋಗುವುದನ್ನು ಕಲಿಯಬೇಕು. ಕೈಯನ್ನು ಸಾಬೂನಿನಿಂದ ತೊಳೆದು, ಕುದಿಸಿದ ನೀರಿನಲ್ಲಿ ಅದ್ದಿ ತೆಗೆದ ಅಗಲಬಾಯಿಯ ಸ್ಟೀಲ್ ಬಟ್ಟಲನ್ನು ಹಿಡಿದು, ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳುಗಳನ್ನು ಕೂಡಿಸಿ ಒತ್ತಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಹಿಂಡಬಾರದು. ಮೊದಲು ಹನಿಹನಿಯಾಗಿ, ಬಳಿಕ ಧಾರೆಯಾಗಿ ಬರುತ್ತದೆ; ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಆ ಹಾಲನ್ನು ಮುಚ್ಚಿ ತಂಪಾದ ಮೂಲೆಯಲ್ಲಿ ಇಟ್ಟು ನಾಲ್ಕು ಗಂಟೆಗಳೊಳಗೆ, ಫ್ರಿಜ್ ಇದ್ದಲ್ಲಿ ಒಂದು ದಿನದೊಳಗೆ ಕುಡಿಸಬೇಕು. ಕಡುಬೇಸಗೆಯ ತಗಡಿನ ಮನೆಯಲ್ಲಿ ಇನ್ನೂ ಬೇಗ. ಬಿಸಿ ಮಾಡುವಾಗ ಒಲೆಯ ಮೇಲೆ ಕುದಿಸದೆ, ಬಟ್ಟಲನ್ನು ಬೆಚ್ಚನೆಯ ನೀರಿನಲ್ಲಿ ಇಡಬೇಕು. ಬಾಟಲಿ ಬೇಡ, ನಮ್ಮ ಅಜ್ಜಿಯರ ಒಳಲೆಯೇ ಶ್ರೇಷ್ಠ, ಅದನ್ನು ತೊಳೆದು ಕುದಿಸುವುದೂ ಸುಲಭ.

ಹೊಲದಿಂದ ಬಂದವಳಿಗೆ “ಬಿಸಿಲಾಗ ಬಂದೀ, ಆ ಹಾಲು ಹಿಂಡಿ ಚೆಲ್ಲು” ಎನ್ನುವುದುಂಟು. ಎದೆಯೊಳಗಿನ ಹಾಲು ದೇಹದ ಶಾಖದಲ್ಲಿಯೇ ಇರುತ್ತದಲ್ಲದೆ ಬಿಸಿಲಿಗೆ ಕೆಡುವುದಿಲ್ಲ. ಕೈಕಾಲು ಮುಖ ತೊಳೆದು, ಒಂದು ಚೊಂಬು ನೀರು ಕುಡಿದು, ಒಡನೆಯೇ ಕುಡಿಸಬಹುದು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ತಾಯಿ ಕಾರ್ಡನ್ನು ಜೊತೆಗೊಯ್ಯಬೇಕು. ಕಟ್ಟಡದ ಕೆಲಸದ ನಡುವೆ ಎರಡು ಮೂರು ಗಂಟೆಗೊಮ್ಮೆ ಕುಡಿಸಲು ಬಿಡುವು ಕೊಡಬೇಕೆಂಬ ಮಾತನ್ನು ಮೇಸ್ತ್ರಿಯೊಡನೆ ಗಂಡನೇ ಮುಂಚಿತವಾಗಿ ಆಡತಕ್ಕದ್ದು. ಇದನ್ನು ಹೆಂಡತಿಯ ನಾಚಿಕೆಗೆ ಬಿಡಬಾರದು.

ಡಬ್ಬಿಯ ಹಾಲು

ಶಿಶುಹಾಲಿನ ಪುಡಿ, ಬಾಟಲಿ ಇವುಗಳ ಜಾಹೀರಾತನ್ನೂ ಉಚಿತ ಮಾದರಿಗಳನ್ನೂ 1992ರ ಕಾನೂನು ನಿಷೇಧಿಸಿದೆ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಯಾರಾದರೂ ಡಬ್ಬಿ ಬರೆದುಕೊಟ್ಟರೆ ಕಾರಣವನ್ನು ಕೇಳುವ ಹಕ್ಕು ನಿಮಗುಂಟು. ನಿಜವಾಗಿಯೂ ಅದು ಬೇಕಾಗುವ ಸಂದರ್ಭಗಳಿವೆ, ಆದರೆ ವಿರಳ. ಅಂಥ ತಾಯಿಯನ್ನು ಯಾರೂ ಹಳಿಯಬಾರದು.

ಆರು ತಿಂಗಳು ತುಂಬಿದ ದಿನ

180 ದಿನ ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಅಲ್ಲಿಂದಾಚೆಗೆ ಮೇಲೂಟವನ್ನು ತಡಮಾಡುವುದೂ ಅಷ್ಟೇ ತಪ್ಪು. ಮೆತ್ತಗೆ ನುರಿದ ಅನ್ನ ಬೇಳೆಗೆ ತುಪ್ಪ ಹಾಕಿ, ಅಥವಾ ಜೋಳದ ಹಿಟ್ಟಿನ ಗಂಜಿಯನ್ನು ಚಮಚದಿಂದ ಜಾರದಷ್ಟು ಮಂದವಾಗಿ ಕಾಸಿ, ಮೊದಲು ದಿನಕ್ಕೆ ಎರಡು ಸಲ, ಎರಡು ಮೂರು ಚಮಚದಿಂದ ಆರಂಭಿಸಬೇಕು. ಕೂಸಿಗೆ ಬೇರೆ ತಟ್ಟೆ ಇದ್ದರೆ ಎಷ್ಟು ತಿಂದಿತೆಂದು ತಿಳಿಯುತ್ತದೆ. ಎದೆಹಾಲನ್ನು ಎರಡು ವರ್ಷದವರೆಗೂ, ಬೇಕೆನಿಸಿದರೆ ಅದರಾಚೆಗೂ ಮುಂದುವರಿಸಬಹುದು.