ಕ್ಯಾಲ್ಸಿಯಂ ಸ್ಕೋರ್ ಬಂದವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೀಡಿ ಸಿಗರೇಟು ಮುಟ್ಟಿದವರಲ್ಲ, ವಾಕಿಂಗ್ ತಪ್ಪಿಸಿದವರಲ್ಲ, ತೂಕವೂ ಹದದಲ್ಲಿದೆ. ಆದರೂ ಸಿ.ಟಿ. ಸ್ಕ್ಯಾನಿನಲ್ಲಿ ಹೃದಯದ ರಕ್ತನಾಳಕ್ಕೆ ಕ್ಯಾಲ್ಸಿಯಂ ಕಟ್ಟಿದೆ ಎಂದು ಬಂದಿದೆ. ಈ ಸೂಚನೆ ಅಂಥವರಿಗೆ.

ಮಾಡಬೇಕಾದ್ದು

ಮೊದಲು ವರದಿಯನ್ನು ಸರಿಯಾಗಿ ಓದಿ. ಅದರಲ್ಲಿರುವುದು ಅಗಾಟ್‌ಸ್ಟನ್ ಸ್ಕೋರ್, 1990ರಿಂದ ಬಳಕೆಯಲ್ಲಿರುವ ಲೆಕ್ಕ. 300 ಎಂದರೆ ಇಷ್ಟು ಪರ್ಸೆಂಟ್ ಬ್ಲಾಕ್ ಎಂದಲ್ಲ. ನಾಳದ ಗೋಡೆಯಲ್ಲಿ ವರ್ಷಗಳಿಂದ ಕೂತ ಕೊಬ್ಬು ಎಷ್ಟು ಗಟ್ಟಿಯಾಗಿದೆ ಎಂಬುದರ ಅಂದಾಜು. 100 ದಾಟಿದ್ದರೆ ಔಷಧದ ವಿಚಾರ ಮುಂದೂಡಬೇಡಿ. ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ: ಎಪ್ಪತ್ತೈದರಲ್ಲಿ ಬಂದ 80 ಬೇರೆ, ನಲವತ್ತೈದರಲ್ಲಿ ಬಂದ 80 ಬೇರೆ.

ಲೈಪೊಪ್ರೋಟೀನ್(ಎ) ಎಂಬ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ಮಾಮೂಲಿ ಕೊಲೆಸ್ಟರಾಲ್ ಪಟ್ಟಿಯಲ್ಲಿ ಇದು ಇರುವುದಿಲ್ಲ, ಕೇಳಿಯೇ ಬರೆಸಿಕೊಳ್ಳಬೇಕು. ಜೀವಮಾನಕ್ಕೆ ಒಂದು ಸಲ ಸಾಕು. ಇದು ಬಹುಪಾಲು ಹುಟ್ಟಿನಿಂದ ಬಂದದ್ದು. ಪಥ್ಯಕ್ಕೂ ವ್ಯಾಯಾಮಕ್ಕೂ ಜಗ್ಗುವುದಿಲ್ಲ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ 'ಎಲ್ಲಾ ಸರಿಯಾಗಿ ಮಾಡಿಯೂ ನನಗೇಕೆ' ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಿ, ಅವರೂ ನೋಡಿಸಿಕೊಳ್ಳಲಿ.

ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರೆ ನುಂಗಿ. ಸ್ಕೋರ್ 100 ಮೀರಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಅನ್ನು ಸಾಮಾನ್ಯವಾಗಿ 70ಕ್ಕಿಂತ ಕೆಳಗೆ ಇಳಿಸಲು ನೋಡುತ್ತಾರೆ. ಊಟದ ಕಟ್ಟುನಿಟ್ಟೊಂದರಿಂದಲೇ ಅಲ್ಲಿಗೆ ತಲುಪುವವರು ಕಡಿಮೆ. ಮಾತ್ರೆ ತಿನ್ನುವುದು ನಿಮ್ಮ ಶಿಸ್ತಿನ ಸೋಲಲ್ಲ. ಬಿಪಿ, ಶುಗರ್ ನೋಡಿಸುತ್ತಿರಿ.

ಮಾಡಬಾರದ್ದು

ರಾಗಿ, ಹಾಲು, ಮೊಸರು ಬಿಡಬೇಡಿ. ನಾಳದ ಕ್ಯಾಲ್ಸಿಯಂ ತಟ್ಟೆಯಿಂದ ಏರಿ ಕೂತದ್ದಲ್ಲ. ಕ್ಯಾಲ್ಸಿಯಂ ಮಾತ್ರೆಯ ವಿಷಯ ಬೇರೆ, ಅದನ್ನು ವೈದ್ಯರನ್ನು ಕೇಳಿ.

ವರ್ಷವರ್ಷವೂ ಸ್ಕ್ಯಾನ್ ಮಾಡಿಸಿ ಸಂಖ್ಯೆ ಇಳಿಯಿತೇ ಎಂದು ನೋಡಬೇಡಿ. ಇಳಿಯುವುದಿಲ್ಲ. ಸ್ಟ್ಯಾಟಿನ್ ಮೆತ್ತನೆಯ ಕೊಬ್ಬನ್ನು ಗಟ್ಟಿಯಾಗಿಸುವುದರಿಂದ ಸ್ಕೋರ್ ಏರಲೂಬಹುದು. ಒಡೆದು ಹೆಪ್ಪುಗಟ್ಟಿಸುವ ಅಪಾಯ ಮೆತ್ತನೆಯದಕ್ಕೇ ಹೆಚ್ಚು. ಇದನ್ನು ತಿಳಿಯದೆ 'ಮಾತ್ರೆಯಿಂದಲೇ ಜಾಸ್ತಿಯಾಯಿತು' ಎಂದು ಬಿಟ್ಟವರಿದ್ದಾರೆ. ಬಿಡಬೇಡಿ.

ಬೆಳ್ಳುಳ್ಳಿ-ನಿಂಬೆ-ಶುಂಠಿ ರಸ ಬ್ಲಾಕ್ ಕರಗಿಸುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಸಾರಿಗೆ ಹಾಕಿದರೆ ರುಚಿ, ಅಷ್ಟೆ. ಡ್ರಿಪ್ ಹಾಕಿ ಕ್ಯಾಲ್ಸಿಯಂ ತೊಳೆಯುತ್ತೇವೆ ಎನ್ನುವ ಜಾಹೀರಾತಿಗೂ ದುಡ್ಡು ಸುರಿಯಬೇಡಿ.

ಆಸ್ಪಿರಿನ್ ಸ್ವಂತ ನಿರ್ಧಾರದಿಂದ ದಿನಾ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು. ಎದೆನೋವು, ಆಯಾಸ ಏನೂ ಇಲ್ಲದಿದ್ದರೆ ಸ್ಕೋರೊಂದನ್ನೇ ನೋಡಿ ಸ್ಟೆಂಟಿಗೆ ಸಹಿ ಹಾಕಬೇಡಿ, ಇನ್ನೊಬ್ಬ ಹೃದ್ರೋಗ ತಜ್ಞರನ್ನು ಕೇಳಿ.

ಹೆದರಿ ವಾಕಿಂಗ್ ನಿಲ್ಲಿಸಬೇಡಿ. ದೀರ್ಘಕಾಲ ಮ್ಯಾರಥಾನ್ ಓಡಿದವರಲ್ಲೂ ಕ್ಯಾಲ್ಸಿಯಂ ಹೆಚ್ಚು ಕಂಡದ್ದಿದೆ. ಓಟ ಬಿಡಬೇಕೆಂದು ಅದರ ಅರ್ಥವಲ್ಲ. ಹೊಸದಾಗಿ ಜಿಮ್ಮಿನಲ್ಲಿ ಭಾರ ಎತ್ತುವ ಮುನ್ನ ಮಾತ್ರ ವೈದ್ಯರನ್ನು ಕಾಣಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಎದೆ ಹಿಂಡಿದಂತಾಗಿ ದವಡೆ, ಭುಜ, ಎಡಗೈಗೆ ನೋವು ಹರಿದರೆ, ತಣ್ಣನೆ ಬೆವರಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಬರೀ ಏದುಸಿರು, ಸುಸ್ತು ಬರಬಹುದು. ನೀವೇ ಗಾಡಿ ಓಡಿಸಿಕೊಂಡು ಹೊರಡಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ, ಸ್ಕೋರಿನ ವರದಿ ತೋರಿಸಿ.